ಮಡಿಯ ಹೊತ್ತಿನ ಹೊಡೆತಗಳು

ಆದೋನಿ ತಾಲೂಕು ಕಚೇರಿಯ ಗುಮಾಸ್ತ ಸೇತುಮಾಧವರಾಯರ ಹಣೆಯನ್ನು ಸೀಳಿದ್ದು ಒಂದು ಹಿತ್ತಾಳೆ ತಂಬಿಗೆ. ಎಸೆದವನು ಅವರ ಮಗ ಪ್ರಾಣೇಶ. ಅವನ ವಯಸ್ಸು ಏಳು ವರ್ಷ. ಮಗನಾಗಿ ಹದಿನೇಳು ದಿನ.

ರಾಯರಿಗೆ ನಲವತ್ತಾರು, ಹೆಂಡತಿ ಕಾವೇರಿಬಾಯಿಗೆ ಮೂವತ್ತೆಂಟು, ಮಕ್ಕಳಿಲ್ಲ. ತನಗೆ ಪಿಂಡ ಹಾಕಲು ಮಗನಿದ್ದಾನೆ, ಮಗನಿಗೆ ಹಾಕಲು ಯಾರಿದ್ದಾರೆ ಎಂದು ರಾಯರ ತಾಯಿ ಅಂಬೂಬಾಯಿಗೆ ಚಿಂತೆ. ಮದ್ದಿಕೇರದಲ್ಲಿ ಪೂಜಾರಿಕೆ ಮಾಡುತ್ತಿದ್ದ ದಾಯಾದಿ ರಾಘಣ್ಣನ ಮೊದಲ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಆಕೆಯ ಕೂಸು ಅಜ್ಜಿಯ ಮನೆ, ಅಜ್ಜಿ ಸತ್ತ ಮೇಲೆ ಗುಂತಕಲ್ಲಿನ ಸೋದರಮಾವನ ಮನೆ, ಅಲ್ಲಿಂದ ಅತ್ತೆಯ ಮನೆ, ಕೊನೆಗೆ ಅಪ್ಪನ ಎರಡನೇ ಸಂಸಾರ ಎಂದು ತಿರುಗುತ್ತಿತ್ತು. ಎಂಬತ್ತೆರಡರ ವೈಶಾಖದಲ್ಲಿ ಹೋಮ ಮಾಡಿಸಿ ಅವನನ್ನು ದತ್ತು ತೆಗೆದುಕೊಂಡರು. ರಾಯರು ಮಗನ ಬಾಯಿಗೆ ಸಕ್ಕರೆ ಹಾಕಿದರು. ಮಗ ಬೆರಳು ಕಚ್ಚಿದ. ಪುರೋಹಿತರು ಶುಭಶಕುನ ಎಂದರು, ಬೆರಳು ಅವರದಲ್ಲವಲ್ಲ.

ತಂಬಿಗೆಯ ಗಾಯಕ್ಕೆ ಹೊಲಿಗೆ ಹಾಕಿದವನು ಬೀದಿಯ ತುದಿಯ ಕಾಂಪೌಂಡರ್ ಸುಂಕಣ್ಣ.

"ಏನ್ ತಗಲಿತ್ರಿ ರಾಯರೆ?"

"ಬಾಗಿಲು."

"ನಿಮ್ಮ ಮನಿ ಬಾಗಿಲಿಗೆ ಕಂಠ ಐತೇನ್ರಿ? ಗಾಯ ದುಂಡಗೈತಲ್ಲ!"

ನಾಲ್ಕು ಹೊಲಿಗೆ ಬಿದ್ದವು. ರಾಯರು ಒಂದಕ್ಕೂ ಕೂಗಲಿಲ್ಲ. ಧೈರ್ಯವಿತ್ತೆಂದಲ್ಲ. ಕೂಗಿದರೆ ಎದುರಿಗಿದ್ದವರಿಗೆ ಬೇಸರವಾದೀತೆಂದು ಹುಟ್ಟಿದಾಗಿನಿಂದ ಅವರಿಗೊಂದು ಅಂಜಿಕೆ. ಕಚೇರಿಯ ಜವಾನ ಹನುಮಂತು ಕೂಡ ಅವರಿಗೆ ಹೆದರುತ್ತಿರಲಿಲ್ಲ, ರಾಯರೇ ಅವನಿಗೆ "ಸ್ವಲ್ಪ ಪುರಸೊತ್ತಾದಾಗ ಆ ಫೈಲು..." ಎನ್ನುತ್ತಿದ್ದರು. ಅವನಿಗೆ ಪುರಸೊತ್ತಾಗುತ್ತಿರಲಿಲ್ಲ. ಫೈಲನ್ನು ರಾಯರೇ ಎದ್ದು ತರುತ್ತಿದ್ದರು.

ಇಂಥ ಮನುಷ್ಯನಿಗೆ ತಿಳಿದಿದ್ದ ಶೌರ್ಯ ಒಂದೇ: ಬರೆದಿಡುವುದು. ಹೊಲಿಗೆ ಹಾಕಿಸಿಕೊಂಡು ಬಂದವರೇ ಒಂದು ಉದ್ದನೆ ಪುಸ್ತಕ ತೆಗೆದು, ರೂಲುದೊಣ್ಣೆಯಿಂದ ಗೆರೆ ಎಳೆದು, ಐದು ಕಾಲಂ ಮಾಡಿದರು. ತಾರೀಖು, ವೇಳೆ, ಆಯುಧ, ಗಾಯಾಳು, ಷರಾ. ತಂಬಿಗೆ ಮೊದಲ ನಮೂದು. ಮುಂದಿನ ಹದಿನೈದು ದಿನಕ್ಕೆ ಎರಡು ಪುಟ ತುಂಬಿತು. ಸೌದೆಕೊಳ್ಳಿ, ಕಾವೇರಿಬಾಯಿಯ ಮೊಣಕಾಲು. ಹಲ್ಲು, ರಾಯರ ಎಡಗೈ. ಗಂಧದ ಕೊರಡು, ದೇವರ ಕೋಣೆಯ ಕನ್ನಡಿ; ಷರಾ ಕಾಲಂನಲ್ಲಿ 'ಕನ್ನಡಿ ಮಾತ್ರ ಮೃತ'. ಮತ್ತೆ ಹಲ್ಲು. ಉಗುರು. ಪಕ್ಕದ ಮನೆಯ ಬೆಕ್ಕಿನ ಮರಿಯನ್ನು ಬಾವಿಗೆ ಎಸೆದದ್ದನ್ನೂ ಬರೆದರು. ಅದರ ಮುಂದೆ ಷರಾ ಬರೆಯಲು ಅವರಿಗೆ ಕೈ ಬರಲಿಲ್ಲ.

ಉಪಾಯಗಳೂ ನಡೆದವು. ಹೂ ಮಾರುವ ದಸ್ತಗಿರಮ್ಮ ದರ್ಗಾದಿಂದ ತಾಯಿತ ತಂದುಕೊಟ್ಟಳು. ಹುಡುಗ ಅದನ್ನು ದಾರದ ಸಮೇತ ಅಗಿದ. ಸುಂಕಣ್ಣ ಮೂರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟ. ಹುಡುಗನಿಗೆ ಮೈಯಲ್ಲಿ ಶಕ್ತಿ ಹೆಚ್ಚಾಯಿತು, ಅದರ ಫಲ ರಾಯರಿಗೇ ದಕ್ಕಿತು. ಮಂತ್ರಾಲಯಕ್ಕೆ ಹೋಗಿ ಮೂರು ದಿನ ಸೇವೆ ಮಾಡಿದರು. ಅಲ್ಲಿ ಮಾತ್ರ ವಿಚಿತ್ರ: ಆ ಮೂರೂ ದಿನ ಹುಡುಗ ಯಾರ ಮೈಮೇಲೂ ಕೈ ಎತ್ತಲಿಲ್ಲ. ಛತ್ರದಲ್ಲಿ ಕಾವೇರಿಬಾಯಿಯ ಸೆರಗು ಹಿಡಿದು ಬೆಳಗಿನಿಂದ ಸಂಜೆಯವರೆಗೆ ಸುಮ್ಮನಿದ್ದ. "ಗುರುರಾಯರು ಕಣ್ಣು ತೆರೆದ್ರು" ಎಂದು ಅಂಬೂಬಾಯಿ ಅತ್ತರು. ಊರಿಗೆ ಮರಳಿದ ಮರುದಿನ ಬೆಳಿಗ್ಗೆ ಆರೂಕಾಲಿಗೆ ತುರಿಯುವ ಮಣೆ ಹಾರಿ ಬಂತು.

ಆಷಾಢದಲ್ಲಿ ಅದು ಹದ್ದು ಮೀರಿತು. ಎಪ್ಪತ್ತೊಂದು ವರ್ಷದ ಅಂಬೂಬಾಯಿ ಹಿತ್ತಿಲಲ್ಲಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಮಡಿಯಿಂದ ಬರುತ್ತಿದ್ದರು. ಹುಡುಗ ಹಿಂದಿನಿಂದ ಓಡಿಬಂದು ಎರಡೂ ಕೈಯಿಂದ ನೂಕಿದ. ಮುದುಕಿ ಒಗೆಯುವ ಕಲ್ಲಿನ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಲಟಕ್ಕೆಂದದ್ದು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ರಾಯರಿಗೂ ಕೇಳಿಸಿತು.

ಯಾರ ಎದುರೂ ದನಿ ಎತ್ತದ ಮನುಷ್ಯನೊಳಗೆ ಅಷ್ಟು ವರ್ಷದ ಸಿಟ್ಟು ಎಲ್ಲಿ ಕೂತಿತ್ತೋ! ರಾಯರು ಗೂಟದಲ್ಲಿದ್ದ ಕೊಡೆ ತೆಗೆದುಕೊಂಡರು. ಬೆನ್ನಿಗೆ ಹೊಡೆದರು, ತೊಡೆಗೆ ಹೊಡೆದರು. ಕೊಡೆಯ ಕಡ್ಡಿಗಳು ಒಂದೊಂದಾಗಿ ಮುರಿದು ಬಟ್ಟೆಯಿಂದ ಹೊರಗೆ ಬಂದವು. ಆಮೇಲೆ ಹಿಡಿಕೆ ತಿರುಗಿಸಿ ಹೊಡೆದರು. ಹುಡುಗನ ಬಾಯಿಂದ ಒಂದು ಹಲ್ಲು ರಕ್ತದ ಜೊತೆ ಹಾರಿ ತುಳಸಿಕಟ್ಟೆಯ ಬುಡಕ್ಕೆ ಬಿತ್ತು. ಅವನು ಅಳಲಿಲ್ಲ, ಓಡಲೂ ಇಲ್ಲ. ಕೆಂಪಾದ ತುಟಿ ನೆಕ್ಕಿಕೊಂಡು ಅಪ್ಪನ ಮುಖ ನೋಡಿ ಕೇಳಿದ:

"ಇನ್ನೂ ಹೊಡೀತೀಯಾ?"

ಸಿಟ್ಟಿನ ಪ್ರಶ್ನೆಯಲ್ಲ ಅದು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರ ದನಿ. ರಾಯರು ಕೊಡೆ ಬಿಟ್ಟು ಸುಂಕಣ್ಣನನ್ನು ಕರೆಯಲು ಓಡಿದರು.

ಸುಂಕಣ್ಣ ಅಂಬೂಬಾಯಿಯನ್ನು ಪಟ್ಟಿ ಹಾಕಿಸಲು ಸರಕಾರಿ ಆಸ್ಪತ್ರೆಗೆ ಕಳಿಸಿ, ಹುಡುಗನ ಬಾಯಿ ತೆರೆಸಿ ನೋಡಿದ. ಬೆನ್ನು ನೋಡಿದ. ಎಂದಿನ ನಗೆ ಅವನ ಮುಖದಲ್ಲಿರಲಿಲ್ಲ.

"ಇದೂ ಬಾಗಿಲೇನ್ರಿ?"

ರಾಯರು ತಲೆ ತಗ್ಗಿಸಿದರು.

"ನನ್ನ ಸೂಜಿಗೆ ಬಗ್ಗೋ ಜಡ್ಡಲ್ಲ ಇದು. ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ಮನಸಿಗೆ ನೋಡೋರು ಅದಾರ, ಗುರುವಾರಕ್ಕೊಮ್ಮೆ. ಕರಕೊಂಡು ಹೋಗ್ರಿ."

"ಹುಚ್ಚರ ಡಾಕ್ಟರಾ? ಯಾರಿಗೆ, ಹುಡುಗನಿಗೋ?"

"ನಿಮಗೂ. ಇಬ್ಬರಿಗೂ ಬಸ್ಸು ಒಂದ ಅಲ್ರಿ."

ಅಂಬೂಬಾಯಿಯ ಮಾತು ಬೇರೆ. ಪ್ಲಾಸ್ಟರಿನ ಕೈಯನ್ನು ಎದೆಗೆ ಆನಿಸಿಕೊಂಡು ಅವರು ತೀರ್ಪು ಕೊಟ್ಟರು. "ಸೇತೂ, ರಾಘಣ್ಣಗ ಕಾಗದ ಬರಿ. ಬಂದು ಕರಕೊಂಡು ಹೋಗ್ಲಿ. ಈ ಕೂಸು ನಮ್ಮ ಋಣದ್ದಲ್ಲ."

"ಅವ್ವಾ, ಹೋಮ ಆಗ್ಯದ. ಅಪ್ಪ ಬದಲಾಗ್ಯಾನ."

"ಅಪ್ಪ ಬದಲಾದ, ಗುಣ ಎಲ್ಲಿ ಬದಲಾತು? ನೀ ಬರೀಲಿಲ್ಲಂದ್ರ ಪಕ್ಕದ ಮನಿ ಹುಡುಗಿ ಕೈಲೆ ನಾ ಬರೆಸ್ತೀನಿ."

ಕಾವೇರಿಬಾಯಿ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ರಾಘಣ್ಣನ ಮನೆಯಲ್ಲಿ ಈ ಹುಡುಗನನ್ನು ಏನು ಮಾಡುತ್ತಿದ್ದರೆಂದು ಮೊದಲ ದಿನ ಎಣ್ಣೆ ಹಚ್ಚುವಾಗಲೇ ಆಕೆ ಕಂಡಿದ್ದಳು. ಎಡಗಾಲಿನ ಹರಡಿನ ಸುತ್ತ ಹಗ್ಗ ಕೊರೆದ ಕಪ್ಪು ಬಳೆಯಂಥ ಗುರುತು. ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತಿದ್ದರಂತೆ. ಮತ್ತೆ ಅಲ್ಲಿಗೇ ಹೋದರೆ ಈ ಸಲ ಹಗ್ಗ ಕಾಲಿಗಷ್ಟೇ ನಿಲ್ಲಲಾರದು.

"ಮೂರು ಗುರುವಾರ ಕೊಡ್ರಿ ಅತ್ತೀ" ಅಂದಳು. ಅತ್ತೆಯ ಎದುರು ಅವಳು ಆಡಿದ ಅತ್ಯಂತ ಉದ್ದನೆಯ ಮಾತು ಅದು.

ಮೊದಲ ಗುರುವಾರ ರಾಯರು ಮಗನ ಮಣಿಕಟ್ಟಿಗೂ ತಮ್ಮ ಮಣಿಕಟ್ಟಿಗೂ ಒಂದೇ ಟವೆಲ್ಲು ಬಿಗಿದುಕೊಂಡು ಆಲೂರ ಮೇಲೆ ಹೋಗುವ ಬಳ್ಳಾರಿ ಬಸ್ಸು ಹತ್ತಿದರು. ಹುಡುಗ ದಾರಿಯುದ್ದಕ್ಕೂ ಅವರ ಮೊಣಕಾಲ ಕೆಳಗೆ ಒದೆಯುತ್ತ ಬಂದ. ಕಂಡಕ್ಟರು ತೆಲುಗು ಬೆರೆಸಿ, "ಏಮಯ್ಯಾ, ಕಳ್ಳನನ್ನ ಹಿಡಕೊಂಡು ಹೊಂಟೀರಾ?" ಎಂದು ಕೇಳಿದ. "ನನ್ನ ಮಗ" ಎಂದರು ರಾಯರು. ಕಂಡಕ್ಟರಿಗೆ ಯಾರು ಯಾರನ್ನು ಹಿಡಿದಿದ್ದಾರೆಂಬ ಅನುಮಾನ ಪೂರ್ತಿ ಹೋಗಲಿಲ್ಲ.

ಸೂಟು ಹಾಕಿ, ಗಡ್ಡ ಬಿಟ್ಟ ಡಾಕ್ಟರೊಬ್ಬರನ್ನು ರಾಯರು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದರು. ಆಸ್ಪತ್ರೆಯ ಉದ್ದನೆ ಪಡಸಾಲೆಯ ಕೊನೆಯಲ್ಲಿ, ಎಕ್ಸರೇ ಕೋಣೆಯ ಪಕ್ಕದ ಗೂಡಿನಂಥ ಕೋಣೆಯಲ್ಲಿ, ಇಳಕಲ್ ಸೀರೆಯ ಗಟ್ಟಿ ಹೆಂಗಸೊಬ್ಬಳು ಕೂತು ಸೇಂಗಾ ಸುಲಿಯುತ್ತಿದ್ದಳು.

"ಡಾಕ್ಟರು ಎಲ್ಲಿ ಅದಾರ್ರೀ?"

"ಮಾತ್ರಿ ಬೇಕಂದ್ರ ಆ ಕಡೆ ಕ್ಯೂ ನಿಂದರ್ರಿ. ಕೂತು ಮಾತಾಡಬೇಕಂದ್ರ ನಾನು. ಲಿಂಗಕ್ಕ ಅಂತಾರ. ಗೋನೆಗಂಡ್ಲದ ಕುರಿಯೋರ ಮಗಳು. ಬೆಂಗಳೂರಾಗ ಎರಡು ವರ್ಷ ಇದನ್ನ ಕಲ್ತೀನಿ. ಸೇಂಗಾ ತಿಂತೀಯೇನಲೇ?"

ಕೊನೆಯ ಮಾತು ಹುಡುಗನಿಗೆ. ಹುಡುಗ ಉಗಿದ. ಉಗುಳು ಆಕೆಯ ಸೀರೆಯ ಮೇಲೆ ಬಿತ್ತು. ಆಕೆ ಒರೆಸಿಕೊಂಡು, ಎದ್ದುಬಂದು, ಟವೆಲ್ಲಿನ ಗಂಟು ಬಿಚ್ಚಿದಳು. "ಬಾಗಿಲು ತೆರದೈತಿ. ಓಡಂಗಿದ್ರ ಓಡು. ನಾ ಇಲ್ಲೇ ಕುಂತಿರ್ತೀನಿ" ಅಂದಳು. ಹುಡುಗ ಹೊರಗೆ ಹೋದ. ಬಾಗಿಲ ಹೊರಗೆ ನಿಂತು ಬಾಗಿಲನ್ನು ಒದೆಯತೊಡಗಿದ.

ರಾಯರು ಜೇಬಿನಿಂದ ಅರ್ಜಿ ತೆಗೆದರು. 'ಮಾನ್ಯರೆ, ವಿಷಯ: ದತ್ತುಪುತ್ರನ ಹಿಂಸಾಚಾರದ ಬಗ್ಗೆ' ಎಂದು ಶುರುವಾಗಿ 'ತಮ್ಮ ವಿಧೇಯ' ಎಂದು ಮುಗಿಯುತ್ತಿತ್ತು. ಜೊತೆಗೆ ಉದ್ದನೆ ಪುಸ್ತಕ. ಲಿಂಗಕ್ಕ ಅರ್ಜಿಯನ್ನು ಸೇಂಗಾ ಸಿಪ್ಪೆಯ ಕೆಳಗಿಟ್ಟು, ಪುಸ್ತಕವನ್ನು ಮಾತ್ರ ಹಾಳೆ ಹಾಳೆ ಓದಿದಳು.

"ಆಯುಧ ಎಷ್ಟು ಚಂದ ಬರದೀರಿ ರಾಯರೆ! ಹೊಡಿಯೋಕಿಂತ ಮೊದ್ಲ ಏನಾತು ಅನ್ನೋ ಕಾಲಂ ಎಲ್ಲೈತಿ?"

"ಮೊದಲೇನೂ ಆಗಿರೋದಿಲ್ರಿ."

"ಏನೂ ಇಲ್ದ ಆರೂಕಾಲಿಗೆ ತಂಬಿಗಿ ಒಗದಾನ?"

"ಎದ್ದ. ಅಡಿಗಿಮನಿ ಕಡೆ ಓಡಿದ. ನಮ್ಮನಿಯಾಕಿ ಬ್ಯಾಡ ಅಂದಳು."

"ಏನ್ ಬ್ಯಾಡ?"

"ಮುಟ್ಟಬ್ಯಾಡ, ಅಂತ. ಮಡಿ ಅಲ್ರೀ." ಸೂರ್ಯ ಹುಟ್ಟಿದ ಎಂಬುದನ್ನು ಯಾರಾದರೂ ಪುಸ್ತಕದಲ್ಲಿ ಬರೆಯುತ್ತಾರೆಯೇ ಎಂಬಂತಿತ್ತು ರಾಯರ ದನಿ. "ಐದಕ್ಕೆ ಸ್ನಾನ ಮಾಡಿ ಮಡಿ ಸೀರಿ ಉಟ್ಟಳಂದ್ರ ನೈವೇದ್ಯ ಆಗೋತನಕ, ಒಂಬತ್ತೂವರೆತನಕ, ಯಾರೂ ಮುಟ್ಟೋಹಂಗಿಲ್ಲ. ಅದು ಆಗೋದಲ್ರಿ, ದಿನಾ ಇರೋದು."

ಲಿಂಗಕ್ಕ ಪೆನ್ಸಿಲ್ಲು ತೆಗೆದುಕೊಂಡು ವೇಳೆಯ ಕಾಲಂನಲ್ಲಿ ಒಂದೊಂದೇ ಚುಕ್ಕೆ ಇಟ್ಟಳು. ಅರವತ್ತೊಂದು ನಮೂದು. ಐವತ್ತೆರಡು ಬೆಳಗಿನ ಆರರಿಂದ ಒಂಬತ್ತೂವರೆಯ ಒಳಗೆ.

"ಮಂತ್ರಾಲಯದಾಗ ಮೂರು ದಿನ ಒಂದೂ ಇಲ್ಲ. ಅಲ್ಲಿ ಅಡಿಗಿ ಯಾರು ಮಾಡಿದ್ರು?"

"ಮಠದಾಗ ಊಟ."

"ಹಂಗಾರ ಅಲ್ಲಿ ಈಕಿಗೆ ಮಡಿ ಇರಲಿಲ್ಲ. ಮತ್ತ ಇಲ್ಲಿ ನೋಡ್ರಿ, ತಿಂಗಳಿಗೆ ಮೂರು ದಿನ ಸಂಜೀಕೂ ಹೊಡದಾನ, ರಾತ್ರೀಕೂ ಹೊಡದಾನ. ಆ ಮೂರು ದಿನ ಏನು?"

ರಾಯರು ಕಿವಿಯ ತುದಿಯವರೆಗೆ ಕೆಂಪಾಗಿ ಗೋಡೆಯ ಮೇಲಿದ್ದ ಪೋಲಿಯೋ ಚಿತ್ರ ನೋಡಿದರು. ಆ ಮೂರು ದಿನ ಕಾವೇರಿಬಾಯಿ ಹೊರಗೆ ಕೂರುತ್ತಿದ್ದಳು. ಅಂಬೂಬಾಯಿ ಆ ಕೋಣೆಯ ಹತ್ತಿರ ಸುಳಿದ ಹುಡುಗನನ್ನು ಕೋಲಿನಿಂದ ಅಟ್ಟುತ್ತಿದ್ದರು. ಇಪ್ಪತ್ತಮೂರು ವರ್ಷ ಊರೂರಿನ ಹೊಲಗಳ ಚಕ್ಕುಬಂದಿಯ ಗಡಿಗೆರೆ ತಿದ್ದಿದ ಮನುಷ್ಯನಿಗೆ, ತಾನೇ ಎಳೆದ ಗೆರೆಗಳ ನಡುವೆ ಎರಡು ತಿಂಗಳಿಂದ ಕೂತಿದ್ದ ಸಂಗತಿ ಕಂಡಿರಲಿಲ್ಲ.

"ಕೇಳ್ರಿ," ಎಂದಳು ಲಿಂಗಕ್ಕ. ಹೊರಗಿನ ಒದೆತಕ್ಕೆ ಬಾಗಿಲು ಅದುರುತ್ತಲೇ ಇತ್ತು. "ಕೂಸು ಅತ್ತಾಗ ಒಂದು ಮೈ ಬರಬೇಕು. ದಿನಾ ಅದ ಮೈ, ಅದ ವಾಸನಿ, ಅದ ದನಿ. ಅದು ಬಂತಂದ್ರ ಕೂಸಿಗೆ ಲೋಕದ ಮ್ಯಾಲೆ ನಂಬಿಕಿ ಕೂಡ್ತೈತಿ. ಆ ನಂಟು ಕುಂತ ಮ್ಯಾಲೆ ಎಲ್ಲಿಗಾದ್ರೂ ಆಡಾಕ ಹೋಗ್ತೈತಿ, ತಿರುಗಿ ಬರ್ತೈತಿ. ಇವನಿಗೆ ಐದು ಮನಿ. ಒಂದೊಂದು ಮೈ ಹಿಡಕೊಳ್ಳೋದ್ರಾಗ ಅದು ಹೋತು. ಈಗ ನಿಮ್ಮನಿಯಾಕಿ ರಾತ್ರಿ ತಬ್ಬಿಕೊಂಡು ಮಲಗಸ್ತಾಳ, ಬೆಳಿಗ್ಗೆ ಎದ್ದು ಓಡಿ ಬಂದ್ರ ಮುಟ್ಟಬ್ಯಾಡ ಅಂತಾಳ. ಇವನ ಲೆಕ್ಕದಾಗ ಇವನ ತಾಯಿ ದಿನಾ ಬೆಳಿಗ್ಗೆ ಸಾಯ್ತಾಳ. ಹೊಡೀದ ಏನ್ ಮಾಡ್ಯಾನು?"

"ಹಂಗಂದ್ರ ಶಾಸ್ತ್ರ ತಪ್ಪಂತೀರೇನು?"

"ನಿಮ್ಮ ಶಾಸ್ತ್ರ ನನಗೇನು ಗೊತ್ರಿ? ನಮ್ಮ ಮನ್ಯಾಗ ಮಡಿ ಇರಲಿಲ್ಲ, ಆದ್ರ ನಮ್ಮಪ್ಪ ಕುರಿಗೋಲಿಲೆ ನಮ್ಮವ್ವನ ತಲಿ ಎರಡು ಸಲ ಒಡೆದ. ಎಲ್ಲಾರ ಮನ್ಯಾಗೂ ಒಂದೊಂದು ಇರ್ತೈತಿ." ಆಕೆ ಪುಸ್ತಕ ಮುಚ್ಚಿದಳು. "ಹುಡುಗನ ಬಾಯಾಗ ಹಲ್ಲು ಹೋಗೈತಿ. ಬೆನ್ನ ಮ್ಯಾಲೆ ಬರೆ ಅದಾವು. ಅದು ಈ ಬುಕ್ಕಿನ್ಯಾಗ ಯಾಕಿಲ್ಲ?"

ಲಿಂಗಕ್ಕ ಮತ್ತೆ ಸೇಂಗಾ ಸುಲಿಯತೊಡಗಿದಳು. ಕೊನೆಗೆ ರಾಯರು ಎಡಗೈಯ ಅಂಗಿ ತೋಳು ಮೇಲಕ್ಕೆ ಸರಿಸಿದರು. ಮೊಣಕೈಯ ಕೆಳಗೆ ವೀಳ್ಯದೆಲೆಯಷ್ಟು ಅಗಲದ ಹಳೇ ಸುಟ್ಟ ಕಲೆ.

"ಒಲಿ ಮ್ಯಾಲೆ ಬಿದ್ದೆ ಅಂತ ಎಲ್ಲಾರಿಗೂ ಹೇಳ್ತೀನ್ರಿ" ಅಂದರು. "ಬಿದ್ದಿಲ್ಲ. ನಮ್ಮಪ್ಪ ಸತ್ತು ತಿಂಗಳಾಗಿತ್ತು. ನಾ ಐದು ವರ್ಷದವ. ಅವ್ವ ಮಡಿಲೆ ಅಡಿಗಿ ಮಾಡ್ತಿದ್ದಳು. ಓಡಿ ಹೋಗಿ ಹಿಂದಿನಿಂದ ಅಪ್ಪಿಕೊಂಡೆ. ಆಕಿ ಕೈಯಾಗ ಕಾದ ಸವಟು ಇತ್ತು."

ಮುಂದಿನದನ್ನು ಹೇಳಲಾಗದೆ ಅವರು ಮೂಗು ಒರೆಸಿಕೊಂಡರು. ತಾಯಿ ಸಿಟ್ಟಿನಿಂದ ಸುಟ್ಟದ್ದಲ್ಲ, ಹೆದರಿ ಸುಟ್ಟದ್ದು ಎನ್ನಬೇಕೆಂದಿದ್ದರು. ಕೊಡೆ ಹಿಡಿದಾಗ ತಮ್ಮೊಳಗಿದ್ದದ್ದೂ ಅದೇ ಹೆದರಿಕೆಯೋ ಏನೋ ಎಂದೂ ಕೇಳಬೇಕೆಂದಿದ್ದರು. ನಲವತ್ತಾರರ ಗಂಡಸು ಪರಸ್ಥಳದಲ್ಲಿ, ಸೇಂಗಾ ಸಿಪ್ಪೆಯ ಎದುರಿಗೆ, ಬಿಕ್ಕುತ್ತ ಕೂತುಬಿಟ್ಟರು. ಬಾಗಿಲಿನ ಒದೆತ ನಿಂತಿತು. ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

"ಮೂರು ಸಲ ಬರ್ರಿ" ಎಂದಳು ಲಿಂಗಕ್ಕ. "ನನ್ನ ಮುಂದ ನಿಜ ಹೇಳಾಕ ಮನಸು ಬರಲಿಲ್ಲಂದ್ರ, ಬ್ಯಾರೆಯೋರು ಯಾರದಾರ ನಾನ ಹುಡುಕಿಕೊಡ್ತೀನಿ. ಇದು ಜಡ್ಡು ತೆಗೆಯೋ ಕೆಲಸ ಅಲ್ಲ, ಮನಸು ಕೂಡೋರು ಸಿಗಬೇಕು. ಮನೀಗೆ ಹೋಗಿ ಒಂದು ಮಾಡ್ರಿ. ಅವ ಹೊಡೆದಾಗ ತಿರುಗಿ ಹೊಡೀಬ್ಯಾಡ್ರಿ, ಎದ್ದೂ ಹೋಗಬ್ಯಾಡ್ರಿ. ಕೈ ಹಿಡಕೊಂಡು, ನಾ ಎಲ್ಲೂ ಹೋಗಂಗಿಲ್ಲ ಅನ್ರಿ. ಅಷ್ಟ."

ಅಷ್ಟೇ ಎಂದು ಆಕೆ ಹೇಳಿದ್ದು. ಏಟು ತಿನ್ನುವ ಮೈ ಆಕೆಯದಾಗಿರಲಿಲ್ಲ. ಮರುದಿನ ಆರು ಗಂಟೆಗೆ ರಾಯರು ಅಡಿಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿ, ಬಲಿಗೆ ಬಂದ ಕುರಿಯಂತೆ ಕೂತರು. ಹುಡುಗ ಎದ್ದ, ಓಡಿ ಬಂದ, ಒಳಗಿಂದ "ಪ್ರಾಣ್ಯಾ, ಮುಟ್ಟಬ್ಯಾಡಪ್ಪಾ" ಎಂಬ ದನಿ ಬಂತು, ಮುಷ್ಟಿ ರಾಯರ ಮೂಗಿನ ಮೇಲೆ ಬಿತ್ತು. "ನಾ ಎಲ್ಲೂ..." ಎಂದರು ರಾಯರು. ಎರಡನೆಯದು ಕಣ್ಣಿಗೆ. "...ಹೋಗಂಗಿಲ್ಲಪ್ಪಾ" ಎಂದು ಮುಗಿಸುವಷ್ಟರಲ್ಲಿ ಕಿವಿ ಅವನ ಹಲ್ಲಿನಲ್ಲಿತ್ತು. ವಾಕ್ಯದಲ್ಲಿ ಇನ್ನೆರಡು ಶಬ್ದ ಹೆಚ್ಚಿದ್ದರೆ ಕಿವಿ ಉಳಿಯುತ್ತಿರಲಿಲ್ಲ. ಅವರು ಕಚೇರಿಗೆ ಮಫ್ಲರ್ ಸುತ್ತಿಕೊಂಡು ಹೋದರು. ಆದೋನಿಯ ಸೆಕೆಯಲ್ಲಿ ಮಫ್ಲರ್ ನೋಡಿ ಹನುಮಂತು ಮೊದಲ ಸಲ ಕೇಳದೆಯೇ ನೀರು ತಂದುಕೊಟ್ಟ.

ಎರಡನೆಯ ಗುರುವಾರ ಕಾವೇರಿಬಾಯಿಯೂ ಬಂದಳು. ಲಿಂಗಕ್ಕನ ಎದುರು ಎರಡು ತಾಸು ಕೂತಳು. ಏನು ಮಾತಾಡಿದರೆಂದು ಹೇಳಲಿಲ್ಲ. ಬಸ್ಸಿನಲ್ಲಿ ಮಾತ್ರ ಒಮ್ಮೆ, "ಅತ್ತ್ಯಾರ ಕೈ ಮುರದದ. ನಾ ಮಡಿಲೆ ಮಾಡದಿದ್ರ ಅವರು ಉಪವಾಸ. ಮಾಡಿದ್ರ ಈ ಕೂಸಿಗೆ ಉಪವಾಸ. ಯಾರನ್ನ ಕೊಲ್ಲಲಿ ಹೇಳ್ರಿ?" ಅಂದಳು. ರಾಯರು ಕಿಟಕಿಯ ಹೊರಗೆ ಹತ್ತಿಹೊಲ ನೋಡಿದರು. ಉತ್ತರ ಗೊತ್ತಿಲ್ಲದಾಗ ಹೊರಗೆ ನೋಡುವುದು ಅವರ ಹಳೆಯ ಕಸುಬು.

ಮೂರನೆಯ ಗುರುವಾರ ಮರಳುವಾಗ ಹುಡುಗ ಒದೆಯಲಿಲ್ಲ. ಆಲೂರು ದಾಟಿದ ಮೇಲೆ ರಾಯರ ತೋಳಿನ ಕಲೆಯ ಮೇಲೆ ಬೆರಳಿಟ್ಟ.

"ಇದು ಅಜ್ಜಿ ಸುಟ್ಟಿದ್ದಾ?"

"ಹೂಂ."

"ನೀ ತಿರುಗಿ ಹೊಡದ್ಯಾ?"

"ಇಲ್ಲಪ್ಪಾ."

"ಯಾಕ?"

"ಅಂಜಿಕಿ."

ಹುಡುಗ ಅದನ್ನು ತೂಗಿ ನೋಡಿದ. ಆಮೇಲೆ ಕಾಲು ಮೇಲೆತ್ತಿ ಹರಡು ತೋರಿಸಿ, "ಇದು ಹಗ್ಗ" ಅಂದ.

ಅಂಬೂಬಾಯಿ ಲೆಕ್ಕ ತಪ್ಪುವವರಲ್ಲ, ಪಕ್ಕದ ಮನೆಯ ಹುಡುಗಿಯ ಕೈಲಿ ಕಾಗದ ಬರೆಸಿದ್ದರು. ಮೂರು ಗುರುವಾರ ಮುಗಿದ ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ರಾಘಣ್ಣ ಬಂದಿಳಿದ. ಆರಡಿ ಆಳು. ಕಟ್ಟೆಯ ಮೇಲೆ ಕೂತು ಚೀಲ ಬಿಚ್ಚಿದ. ಅದರಲ್ಲಿ ಒಂದು ಪಂಚೆ, ಅದರ ಕೆಳಗೆ ಬಾವಿ ಹಗ್ಗದ ಸುರುಳಿ.

"ಇದ್ಯಾಕ ರಾಘಣ್ಣ?" ಎಂದರು ರಾಯರು.

"ಬಸ್ಸಿನ್ಯಾಗ ಬೇಕಾಗ್ತದ. ಆಮ್ಯಾಲೂ ಬೇಕಾಗ್ತದ. ನಿನ್ನ ಕೈಲೆ ಆಗಲಿಲ್ಲ ಬಿಡು ಸೇತೂ, ನೀ ಮೊದಲಿಂದಾನೂ ಮೆತ್ತಗ."

ಕಳಿಸುವುದಿಲ್ಲ ಎನ್ನಬೇಕಿತ್ತು. ರಾತ್ರಿಯೆಲ್ಲ ಮನಸ್ಸಿನಲ್ಲಿ ಆ ಮಾತನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದರು ರಾಯರು. ಬಾಯಿ ತೆರೆದರು. "ಕಾಫಿ ತಗೋತೀಯಾ?" ಎಂಬುದು ಹೊರಗೆ ಬಂತು.

ಅಷ್ಟರಲ್ಲಿ ಹುಡುಗ ಎದ್ದು ಬಂದಿದ್ದ. ಹೆತ್ತ ಅಪ್ಪನನ್ನು ನೋಡಿದ, ಹಗ್ಗ ನೋಡಿದ. ಕೂಗಲಿಲ್ಲ. ಪಡಸಾಲೆಯ ಮೂಲೆಯಲ್ಲಿದ್ದ ಈಳಿಗೆಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಓಡಿಬಂದು ಬೀಸಿದ. ಅಲಗು ರಾಘಣ್ಣನ ಮೀನಖಂಡದೊಳಗೆ ಎರಡು ಬೆರಳು ಇಳಿಯಿತು. ರಕ್ತ ಕಟ್ಟೆಯ ರಂಗೋಲಿಯ ಮೇಲೆ ಹರಿಯಿತು. ರಾಘಣ್ಣ ಗೂಳಿಯಂತೆ ಕೂಗಿ, ಹುಡುಗನ ಜುಟ್ಟು ಹಿಡಿದೆತ್ತಿ ಕಂಬಕ್ಕೆ ಬಡಿದ. ಒಮ್ಮೆ. ಇನ್ನೊಮ್ಮೆ. ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿ, ಹಗ್ಗವನ್ನು ಕೊರಳಿಗೆ ಹಾಕಿದ.

ಆಮೇಲೆ ನಡೆದದ್ದು ರಾಯರಿಗೆ ಸರಿಯಾಗಿ ನೆನಪಿಲ್ಲ. ಹೊಡೆದಾಟದ ಅಭ್ಯಾಸವಿಲ್ಲದ ಅವರಿಗೆ ಹತ್ತಿರ ಕಂಡದ್ದು ರಾಘಣ್ಣನ ಮುಂಗೈ. ಅದನ್ನು ಬಾಯಿ ತುಂಬ ಕಚ್ಚಿದರು. ಮಗನಿಂದ ಕಲಿತ ಏಕೈಕ ವಿದ್ಯೆ ಅದು; ಬಿಡಬಾರದು ಎಂಬುದನ್ನೂ ಅವನಿಂದಲೇ ಕಲಿತಿದ್ದರು. ರಾಘಣ್ಣನ ಮೊಣಕೈ ಅವರ ದವಡೆಗೆ ಬಿತ್ತು, ಕನ್ನಡಕ ಹೋಯಿತು, ಬಾಯಲ್ಲಿ ಉಪ್ಪು ತುಂಬಿತು. ಹಗ್ಗ ಮಾತ್ರ ಸಡಿಲವಾಯಿತು.

ಮಂಜು ಮಂಜಾಗಿ ಅವರಿಗೆ ಕಂಡದ್ದು ಒದ್ದೆ ಸೀರೆಯ ಕಾವೇರಿಬಾಯಿ. ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಹೊಸ್ತಿಲು ದಾಟಿದಳು. ರಕ್ತ, ಮಣ್ಣು, ಉಗುಳು ಮೆತ್ತಿದ ಹುಡುಗನನ್ನು ಎರಡೂ ತೋಳಿನಲ್ಲಿ ಬಾಚಿ ಎತ್ತಿಕೊಂಡಳು. ಯಾರು ಎತ್ತಿಕೊಂಡರೆಂದು ತಿಳಿಯುವ ಸ್ಥಿತಿಯಲ್ಲಿ ಹುಡುಗ ಇರಲಿಲ್ಲ. ಆಕೆಯ ಭುಜಕ್ಕೆ ಹಲ್ಲು ಹಾಕಿದ. ಕೆನ್ನೆ ಪರಚಿದ. ಮಡಿ ಸೀರೆ ಭುಜದಿಂದ ಸೊಂಟದವರೆಗೆ ಕೆಂಪಾಯಿತು. ಆಕೆ ಅಲುಗಲಿಲ್ಲ.

"ಕಾವೇರೀ! ಮಡಿ!" ಒಳಗಿಂದ ಅಂಬೂಬಾಯಿ ಕೂಗಿದರು.

"ಹೋತು ಅತ್ತೀ. ನಾಳೀನೂ ಹೋಗ್ತದ. ನಾಡದ್ದೂ ಹೋಗ್ತದ." ಆಕೆ ರಾಘಣ್ಣನ ಕಡೆ ತಿರುಗಿ, ಭಾವನಿಗೆ ತೋರಿಸಬೇಕಾದ ಮರ್ಯಾದೆಯನ್ನೂ ಮರೆತು, "ಹಗ್ಗ ತಗೊಂಡು ಇಳೀರಿ ಕೆಳಗ. ಇವ ನನ್ನ ಮಗ" ಅಂದಳು.

ರಾಘಣ್ಣ ಸುಂಕಣ್ಣನ ಹತ್ತಿರ ಕಾಲಿಗೆ ಒಂಬತ್ತು, ಕೈಗೆ ಮೂರು ಹೊಲಿಗೆ ಹಾಕಿಸಿಕೊಂಡು, ದಾಯಾದಿಗಳ ಏಳು ತಲೆಮಾರನ್ನು ಬೈಯುತ್ತ ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಹೋದ.

ಅಂಬೂಬಾಯಿ ಅವತ್ತು ಊಟ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಮೈಲಿಗೆಯ ಅಡಿಗೆ ಅವರ ಗಂಟಲಲ್ಲಿ ಇಳಿಯುವಂತಿಲ್ಲ, ಒಂದು ಕೈಯಲ್ಲಿ ತಾವೇ ಬೇಯಿಸುವಂತಿಲ್ಲ. ಬಾಳೆಹಣ್ಣು, ಹಾಲು. ಬೆಳಿಗ್ಗೆ ಆರಕ್ಕೆ ಹುಡುಗ ಓಡಿ ಬರುತ್ತಿದ್ದ, ಕಾವೇರಿಬಾಯಿ ಎತ್ತಿಕೊಳ್ಳುತ್ತಿದ್ದಳು, ಅವನು ನಂಬದೆ ಬೆನ್ನಿಗೆ ಗುದ್ದುತ್ತಿದ್ದ. ಮುದುಕಿ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದದ್ದು ಸಿಟ್ಟೋ ಹಸಿವೋ ರಾಯರಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕಬ್ಬಿಣದ ಪೆಟ್ಟಿಗೆ ಎಳೆಯುವ ಸದ್ದಾಯಿತು. ಅಂಬೂಬಾಯಿ ಎಡಗೈಯಿಂದ ತಡಕಾಡಿ, ನುಸಿಗುಳಿಗೆಯ ವಾಸನೆಯ ಒಂದು ಕೆಂಪು ಧಾಬಳಿಯನ್ನು ಹೊರಗೆಳೆದರು. ಗಂಡ ಪೂಜೆಗೆ ಉಡುತ್ತಿದ್ದ ಉಣ್ಣೆಯ ಬಟ್ಟೆ.

"ಉಣ್ಣಿಗೆ ಮೈಲಿಗಿ ತಗಲಂಗಿಲ್ಲ" ಎಂದರು, ಯಾರ ಮುಖವನ್ನೂ ನೋಡದೆ. "ರಾತ್ರಿ ಅರಿವಿ ಬಿಚ್ಚಿ ಇದನ್ನ ಸುತ್ತು ಅದಕ್ಕ. ಆಮ್ಯಾಲೆ ಎತ್ತಿಕೋ. ಮಡಿ ಕೆಡಂಗಿಲ್ಲ."

ಸುತ್ತುವುದು ಯುದ್ಧವಾಯಿತು. ಉಣ್ಣೆ ಚುಚ್ಚುತ್ತಿತ್ತು. ಹುಡುಗ ರಾಯರ ಹೊಟ್ಟೆಗೆ ಒದ್ದ, ಅಜ್ಜಿಯ ಪ್ಲಾಸ್ಟರಿಗೆ ಗುದ್ದಿ ತನ್ನ ಗೆಣ್ಣನ್ನೇ ಜಜ್ಜಿಕೊಂಡ.

"ಹೊಡಿ, ಹೊಡಿ," ಎಂದರು ಅಂಬೂಬಾಯಿ, ನೋವಿಗೆ ಹಲ್ಲು ಕಚ್ಚಿ. "ಒಳಗಿದ್ದು ಹೊಡಿ. ಕಾವೇರೀ, ತಗೋ ಇದನ್ನ. ನನಗ ಅನ್ನ ಆಗಬೇಕು."

ಕಾವೇರಿಬಾಯಿ ಎಡ ಸೊಂಟದ ಮೇಲೆ ಧಾಬಳಿಯ ಮೂಟೆಯನ್ನು ಕೂರಿಸಿಕೊಂಡು ಬಲಗೈಯಿಂದ ಸಾರು ತಿರುವಿದಳು. ಮೂಟೆಯೊಳಗಿಂದ ಒಂದು ಮುಷ್ಟಿ ಅವಳ ಬೆನ್ನಿಗೆ ಬೀಳುತ್ತಿತ್ತು. ಅನ್ನಕ್ಕೆ ಎಸರು ಕುದಿಯುವತನಕ ಬೀಳುತ್ತಿತ್ತು. ಅಕ್ಕಿ ಹಾಕುವ ಹೊತ್ತಿಗೆ ನಡುನಡುವೆ ನಿಲ್ಲತೊಡಗಿತು. ಹೊಸ್ತಿಲಾಚೆ ಚಾಪೆಯ ಮೇಲೆ ಕೂತ ರಾಯರು, ಕಚೇರಿಗೆ ಹೊತ್ತಾದರೂ ಏಳದೆ, ಮುಂದಿನ ಗುದ್ದು ಬೀಳುವುದನ್ನು ಕಾಯುತ್ತಿದ್ದರು. ಅದು ಬಿತ್ತು. ಆದರೆ ಬಿದ್ದ ಮುಷ್ಟಿ ಹಿಂದಕ್ಕೆ ಹೋಗದೆ, ಸೀರೆಯನ್ನು ಹಿಡಿದುಕೊಂಡು ಅಲ್ಲೇ ಉಳಿಯಿತು.